ಖಾಲಿ ಪಟ್ಟಿಯೂ ಪಾಸು!

ತಂತ್ರಾಂಶ ಸರಿಯಾಗಿದೆಯೇ ಎಂದು ನೋಡುವ ಕೆಲಸದ ದೊಡ್ಡ ಪಾಲನ್ನು ಈಗ ಗಣಕಯಂತ್ರವೇ ಮಾಡಬಲ್ಲದು. 'ಇದು ಹೀಗೇ ಇರಬೇಕು' ಎಂಬ ಮಾತುಗಳನ್ನು ಒಂದು ಪುಟ್ಟ ಪ್ರೋಗ್ರಾಮಿನಲ್ಲಿ ಬರೆದಿಟ್ಟರಾಯಿತು. ಇಂಥ ಮಾತಿಗೆ ಅಸರ್ಷನ್ ಎಂದು ಹೆಸರು. ಒಂದೇ ಸಂಖ್ಯೆಯ ಬಗ್ಗೆ ಬರೆಯುವುದು ಸುಲಭ. ಎಡವುವುದು ಪಟ್ಟಿಯ ಬಗ್ಗೆ ಬರೆಯುವಾಗ.

ಎಸ್.ಎಸ್.ಎಲ್.ಸಿ. ಅಂಕಪಟ್ಟಿ ತಯಾರಿಸುವ ತಂತ್ರಾಂಶವೊಂದಿದೆ ಎನ್ನೋಣ. ಟೆಸ್ಟಿಗೆಂದು 42 ಮಕ್ಕಳ ಮಾದರಿ ಕಡತ ಕೊಟ್ಟಿದ್ದೇವೆ. 'ಎಲ್ಲರ ಗಣಿತದ ಅಂಕವೂ 0 ಮತ್ತು 100ರ ನಡುವೆ ಇರಬೇಕು' ಎಂಬುದು ನಮ್ಮ ಅಸರ್ಷನ್. ಟೆಸ್ಟ್ ಪಾಸಾಗಿ ಹಸಿರು ಗುರುತು ಬಂತು. ಆದರೆ ತಂತ್ರಾಂಶ ಕಡತವನ್ನು ಓದಲಾಗದೆ ಖಾಲಿ ಪಟ್ಟಿಯನ್ನು ಕೊಟ್ಟಿದ್ದರೆ? ಆಗಲೂ ಹಸಿರೇ!

ಇದು ಯಂತ್ರದ ತಪ್ಪಲ್ಲ, ತರ್ಕದ ನಿಯಮ. 'ಎಲ್ಲವೂ' ಎಂಬ ಮಾತು ಸುಳ್ಳಾಗಬೇಕಾದರೆ ನಿಯಮ ಮುರಿದ ಒಂದನ್ನಾದರೂ ತೋರಿಸಬೇಕು. ಖಾಲಿ ಕೊಟ್ಟಿಗೆಯ ಹಸುಗಳೆಲ್ಲ ಹಾಲು ಕೊಡುತ್ತವೆ ಎಂದರೆ ಹಾಲು ಕೊಡದ ಹಸುವನ್ನು ಯಾರು ತೋರಿಸಬಲ್ಲರು? ಪೈಥಾನ್ ಭಾಷೆಯ 'ಆಲ್', ಜಾವಾದ 'ಆಲ್‌ಮ್ಯಾಚ್', ಜಾವಾಸ್ಕ್ರಿಪ್ಟಿನ 'ಎವ್ರಿ' ಮೂರೂ ಖಾಲಿ ಪಟ್ಟಿಗೆ 'ನಿಜ' ಎಂದೇ ಉತ್ತರಿಸುತ್ತವೆ. ಒಬ್ಬೊಬ್ಬರನ್ನೇ ಲೂಪಿನಲ್ಲಿ ನೋಡುತ್ತಾ ಹೋದರೂ ಅಷ್ಟೇ. ಲೂಪು ಒಮ್ಮೆಯೂ ತಿರುಗುವುದಿಲ್ಲ, ಒಂದು ಅಸರ್ಷನ್ನೂ ನಡೆಯುವುದಿಲ್ಲ.

ಆದ್ದರಿಂದ ಮೊದಲು ಎಣಿಕೆ. ಪಟ್ಟಿ ಖಾಲಿಯಿಲ್ಲ ಎಂದಷ್ಟೇ ನೋಡಿದರೆ ಸಾಲದು. 41 ಬಂದರೂ ಅದು ಒಪ್ಪಿಬಿಡುತ್ತದೆ, ಯಾವುದೋ ಮಗುವಿನ ಫಲಿತಾಂಶ ಸದ್ದಿಲ್ಲದೆ ಕಾಣೆಯಾಗುತ್ತದೆ. 42 ಎಂದೇ ಬರೆಯಬೇಕು. ಅದೂ ಸಾಲದೆಂದು ನನ್ನ ಅಭಿಪ್ರಾಯ: ಒಬ್ಬನ ಸಾಲು ಎರಡು ಸಲ ಬಂದು ಇನ್ನೊಬ್ಬಳದು ಬಿಟ್ಟುಹೋದರೂ ಲೆಕ್ಕ 42ಕ್ಕೆ ಸರಿಹೋಗುತ್ತದೆ. ಬರಬೇಕಾದ ನೋಂದಣಿ ಸಂಖ್ಯೆಗಳನ್ನೂ ಬಂದವುಗಳನ್ನೂ ತಾಳೆ ನೋಡುವುದೇ ಲೇಸು.

ತಾಳೆ ನೋಡುವಾಗ ಕ್ರಮದ ಪ್ರಶ್ನೆ ಏಳುತ್ತದೆ. ಇಂಥ ಕ್ರಮದಲ್ಲಿ ಕೊಡು ಎಂದು ಕೇಳದ ಹೊರತು ಡೇಟಾಬೇಸು ಸಾಲುಗಳನ್ನು ಯಾವ ಕ್ರಮದಲ್ಲಾದರೂ ಕೊಡಬಹುದು. ಇಂದು ಪಾಸಾದ ಟೆಸ್ಟ್ ನಾಳೆ ಕಾರಣವಿಲ್ಲದೆ ಫೇಲಾದರೆ ಜನ ಅದನ್ನು ನಂಬುವುದನ್ನೇ ಬಿಡುತ್ತಾರೆ. ಎರಡೂ ಪಟ್ಟಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಹೋಲಿಸಿ. 'ಸೆಟ್' ಆಗಿ ಬದಲಿಸುವುದು ಬೇಡ, ಅದು ಎರಡು ಸಲ ಬಂದದ್ದನ್ನು ನುಂಗಿಹಾಕುತ್ತದೆ. ರ‍್ಯಾಂಕ್ ಪಟ್ಟಿಯ ಮಾತು ಬೇರೆ, ಅಲ್ಲಿ ಕ್ರಮವೇ ಮುಖ್ಯ; ಬಂದಂತೆಯೇ ಹೋಲಿಸಬೇಕು.

ಇನ್ನು ಅಂಕಗಳಿಗೆ ಬರೋಣ. 'ಎಲ್ಲರದೂ ಸರಿಯೇ?' ಎಂದು ಕೇಳಿದರೆ ಟೆಸ್ಟ್ 'ಇಲ್ಲ' ಎಂದಷ್ಟೇ ಹೇಳಿ ಸುಮ್ಮನಾಗಬಹುದು. ತಪ್ಪಿರುವವರ ನೋಂದಣಿ ಸಂಖ್ಯೆಗಳನ್ನು ಬೇರೆ ಪಟ್ಟಿಗೆ ಸೇರಿಸಿ, ಆ ಪಟ್ಟಿ ಖಾಲಿಯಿರಬೇಕು ಎಂದು ಬರೆದರೆ ಫೇಲಾದಾಗ ಯಾರದೆಂದು ತಿಳಿಯುತ್ತದೆ. ಆದರೆ ಮಕ್ಕಳ ಪಟ್ಟಿಯೇ ಖಾಲಿಯಾದರೆ ಇದೂ ಪಾಸಾಗುತ್ತದೆ. ಮೇಲೆ ಹೇಳಿದ ಎಣಿಕೆಯನ್ನು ಕೈಬಿಡುವಂತಿಲ್ಲ. ಬರೆದು ಮುಗಿದ ಮೇಲೆ ಒಮ್ಮೆ ಬೇಕೆಂದೇ ಖಾಲಿ ಕಡತ ಕೊಟ್ಟು, ಕೆಂಪು ಗುರುತು ಬರುತ್ತದೆಯೇ ಎಂದು ಕಣ್ಣಾರೆ ನೋಡಿ.