ನೆಟ್ಟ ಕಣ್ಣು, ತಿರುಗುವ ಕಣ್ಣು

ಕನ್ನಡದಲ್ಲಿ ‘ಕಣ್ಗಾವಲು’ ಎಂಬ ಸೊಗಸಾದ ಮಾತೊಂದಿದೆ. ತರಗತಿಯಲ್ಲಿ ಇದನ್ನು ಆದೇಶ ಸಂಧಿಗೆ ಉದಾಹರಣೆಯಾಗಿ ಹೇಳುವುದುಂಟು. ‘ಕಣ್’ ಎಂಬುದರ ಮುಂದೆ ‘ಕಾವಲು’ ಬಂದಾಗ ಕಕಾರವು ಗಕಾರವಾಗುತ್ತದೆ. ವ್ಯಾಕರಣದಲ್ಲಿ ಈ ಎರಡು ಪದಗಳು ಹೀಗೆ ಬೆಸೆದುಕೊಂಡರೂ ಲೋಕವ್ಯವಹಾರದಲ್ಲಿ ಅವು ಬೇರೆ ಬೇರೆಯಾಗಿಯೇ ಉಳಿಯುತ್ತವೆ. ನೋಡುವುದು ಒಂದು ಕೆಲಸ, ಕಾಯುವುದು ಇನ್ನೊಂದು. ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಈ ಕಾಲದಲ್ಲಿ, ಕಾಯುವ ಕೆಲಸವೂ ತನ್ನಷ್ಟಕ್ಕೆ ತಾನೇ ನಡೆದುಹೋಗುತ್ತದೆಂದು ನಂಬಿ ನಿಶ್ಚಿಂತರಾಗುವುದು ನಮ್ಮ ಜನಕ್ಕೆ ಅಭ್ಯಾಸವಾಗುತ್ತಿದೆ.

ನಾನು ವಾಸವಾಗಿರುವುದು ಬೆಂಗಳೂರಿನ ಪೂರ್ವಭಾಗದ ಕಮ್ಮನಹಳ್ಳಿಯಲ್ಲಿ. ಲಿಂಗರಾಜಪುರ, ಬಾಣಸವಾಡಿ, ಹೆಣ್ಣೂರುಗಳ ನೆರೆಯಲ್ಲಿರುವ ಈ ಬಡಾವಣೆಯಲ್ಲಿ ಹಳ್ಳಿಯೆಂಬುದು ಹೆಸರಿನಲ್ಲಿ ಮಾತ್ರ ಉಳಿದಿದೆ. ಕನ್ನಡ, ತಮಿಳು, ಮಲೆಯಾಳ, ತೆಲುಗು, ಉರ್ದು ಭಾಷೆಗಳು ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಬಾಡಿಗೆಗೆ ಬಂದವರು ವರ್ಷ ತುಂಬುವುದರೊಳಗೆ ಬೇರೆ ಕಡೆ ಹೋಗುತ್ತಾರೆ. ಹಿಂದಿನ ಊರಿನಲ್ಲಾದರೆ ಬಂದವರಾರು, ಹೋದವರಾರು ಎಂಬುದನ್ನು ತಳವಾರನೂ ಜಗಲಿಯ ಮೇಲೆ ಕುಳಿತ ಅಜ್ಜಿಯೂ ಬಲ್ಲವರಾಗಿದ್ದರು. ಜಗಲಿಗಳು ಹೋದುವು, ಅವುಗಳ ಸ್ಥಾನದಲ್ಲಿ ಗೇಟಿನ ಮೇಲೊಂದು ಕ್ಯಾಮೆರಾ ಬಂದಿತು.

ಅಂತಹ ಒಂದು ಕ್ಯಾಮೆರಾದಿಂದ ನಮ್ಮ ಬಡಾವಣೆಯ ಹೆಸರು ಒಮ್ಮೆ ದೇಶಕ್ಕೆಲ್ಲ ತಿಳಿಯಿತು. 2017ನೆಯ ಇಸವಿಯ ಜನವರಿ 1ರಂದು, ಬೆಳಗಾಗಲು ಇನ್ನೂ ಹೊತ್ತಿದ್ದಾಗ, ಆಟೋರಿಕ್ಷಾದಿಂದ ಇಳಿದು ಮನೆಯ ಕಡೆ ನಡೆಯುತ್ತಿದ್ದ ತರುಣಿಯೊಬ್ಬಳನ್ನು ಸ್ಕೂಟರಿನಲ್ಲಿ ಬಂದ ಇಬ್ಬರು ಅಡ್ಡಗಟ್ಟಿ ಪೀಡಿಸಿದರು. ಆ ಬೀದಿಯ ಮನೆಯೊಂದರ ಕ್ಯಾಮೆರಾದಲ್ಲಿ ಅದು ದಾಖಲಾಗಿತ್ತು. ದೃಶ್ಯ ಹೊರಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಆ ಕ್ಯಾಮೆರಾ ಯಾರನ್ನೂ ಹಿಂಬಾಲಿಸಿದ್ದಲ್ಲ. ಬೀದಿಯ ಒಂದು ತುಂಡಿನ ಮೇಲೆ ಕಣ್ಣು ನೆಟ್ಟು ಅದು ಸುಮ್ಮನೆ ನಿಂತಿತ್ತು. ಆದಕಾರಣವೇ ಆ ತುಂಡಿನಲ್ಲಿ ನಡೆದುದು ಅದಕ್ಕೆ ತಪ್ಪಲಿಲ್ಲ.

ಈಗ ಅಂಗಡಿಗಳಲ್ಲಿ ಎರಡು ಕಣ್ಣಿನ ಕ್ಯಾಮೆರಾಗಳು ದೊರೆಯುತ್ತವೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ನನ್ನ ತಾಯಿಯವರ ಸಲುವಾಗಿ ನಾನೂ ಒಂದನ್ನು ತಂದು ಗೇಟಿನ ಒಳಬದಿಗೆ ಹಾಕಿಸಿದೆ. ಇವುಗಳಲ್ಲಿ ಎರಡು ಬಗೆಗಳುಂಟು. ಒಂದು ಬಗೆಯಲ್ಲಿ ಮೇಲಿನ ಮಸೂರವು ಅಲುಗದೆ ಅಂಗಳವನ್ನೆಲ್ಲ ಅಗಲವಾಗಿ ನೋಡುತ್ತದೆ. ಕೆಳಗಿನದು ಪುಟ್ಟ ಮೋಟಾರಿನ ಮೇಲೆ ಕುಳಿತು, ಮೇಲಿನದು ಕಂಡು ತೋರಿಸಿದ ಕಡೆಗೆ ಕತ್ತು ತಿರುಗಿಸುತ್ತದೆ. ಇನ್ನೊಂದು ಬಗೆಯಲ್ಲಿ ಎರಡು ಮಸೂರಗಳೂ ಒಂದೇ ತಲೆಯಲ್ಲಿದ್ದು, ಒಂದು ಅಗಲವನ್ನೂ ಮತ್ತೊಂದು ದೂರವನ್ನೂ ನೋಡುತ್ತ ಒಟ್ಟಿಗೆ ತಿರುಗುತ್ತವೆ. ಕೊಳ್ಳುವವರು ಈ ಭೇದವನ್ನು ಮೊದಲು ಕೇಳಿ ತಿಳಿಯಬೇಕು. ಎರಡನೆಯ ಬಗೆಯದು ಬೆಕ್ಕನ್ನು ಅನುಸರಿಸಿ ಹಿತ್ತಿಲ ಕಡೆ ತಿರುಗಿದಾಗ ಗೇಟನ್ನು ನೋಡುವವರೇ ಇರುವುದಿಲ್ಲ. ನಮ್ಮದು ಮೊದಲನೆಯ ಬಗೆಯದು.

ತಂದ ಕೆಲವು ವಾರಗಳಲ್ಲೇ ಅದರ ತಿರುಗುವ ಕಣ್ಣು ತನ್ನಿಚ್ಛೆಯಂತೆ ನಡೆಯತೊಡಗಿತು. ಗೇಟು ತೆರೆದು ಬಂದ ಹಾಲಿನವನನ್ನು ಬಿಟ್ಟು ತೆಂಗಿನ ಗರಿಯನ್ನು ಹಿಂಬಾಲಿಸುವುದು, ಕೊರಿಯರಿನವನು ಬಂದು ಹೋದ ಮೇಲೆ ಖಾಲಿ ಮೆಟ್ಟಿಲನ್ನು ದಿಟ್ಟಿಸುವುದು, ಸಂಜೆಯಾದರೆ ಆಕಾಶ ನೋಡುವುದು. “ಇದಕ್ಕಿಂತ ಬೀದಿನಾಯಿಗೆ ಒಂದು ತುತ್ತು ಅನ್ನ ಹಾಕಿದ್ದರೆ ಚೆನ್ನಾಗಿತ್ತು ಕಣೋ,” ಎಂದರು ನಮ್ಮ ತಾಯಿ.

ದೋಷವನ್ನು ಹುಡುಕುವ ಕೆಲಸದಲ್ಲಿ ನನಗೆ ನೆರವಾದುದು ಕನ್ನಡ ಎಂ.ಎ. ತರಗತಿಯಲ್ಲಿ ಕಲಿತ ಗ್ರಂಥಸಂಪಾದನೆ ಎಂದರೆ ವಾಚಕರು ನಗಬಹುದು. ಓಲೆಗರಿಯ ಪ್ರತಿಯಲ್ಲಿ ಅಶುದ್ಧ ಪಾಠ ಕಂಡೊಡನೆ ಸಂಪಾದಕನು ತಿದ್ದಲು ಹೊರಡುವುದಿಲ್ಲ. ಇನ್ನೊಂದು ಪ್ರತಿಯೊಡನೆ ಹೋಲಿಸಿ, ತಪ್ಪು ಕವಿಯದೋ ಲಿಪಿಕಾರನದೋ ಎಂದು ಮೊದಲು ಗೊತ್ತುಮಾಡಿಕೊಳ್ಳುತ್ತಾನೆ. ಕ್ಯಾಮೆರಾದಲ್ಲಿಯೂ ಒಂದೇ ಘಟನೆಗೆ ಎರಡು ಪ್ರತಿಗಳಿವೆ. ಅದರ ಹೊಟ್ಟೆಯೊಳಗಿನ ಮೆಮರಿ ಕಾರ್ಡಿನಲ್ಲಿ ಉಳಿದ ಚಿತ್ರ ಒಂದು. ಅದೇ ಹೊತ್ತಿಗೆ ನಮ್ಮ ಮೊಬೈಲಿನಲ್ಲಿ ಕಂಡ ಚಿತ್ರ ಇನ್ನೊಂದು. ಕಾರ್ಡಿನಲ್ಲಿ ಕಣ್ಣು ಸಕಾಲಕ್ಕೆ ತಿರುಗಿದ್ದು, ಮೊಬೈಲಿನಲ್ಲಿ ಮಾತ್ರ ತಡವಾಗಿ ಕಂಡರೆ ಕ್ಯಾಮೆರಾ ನಿರ್ದೋಷಿ, ದೋಷ ವೈಫೈಯದು. ಹಿಂಬಾಲಿಸುವ ನಿರ್ಧಾರ ಸಾಮಾನ್ಯವಾಗಿ ಕ್ಯಾಮೆರಾದೊಳಗೇ ಆಗುತ್ತದೆ. ವೈಫೈ ಕೇವಲ ಸುದ್ದಿ ತರುವ ಓಲೆಕಾರ. ಆಗ ರೌಟರನ್ನು ಹತ್ತಿರಕ್ಕೆ ತರಬೇಕು. ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಜೋಡಿಸಬೇಕು. ಕಾರ್ಡಿನಲ್ಲಿಯೂ ತಪ್ಪೇ ಇದ್ದರೆ ಮಾತ್ರ ಮುಂದಿನ ಶೋಧನೆ.

ಆ ಶೋಧನೆಯಲ್ಲಿ ಮೊದಲು ನೋಡತಕ್ಕದ್ದು ಒಂದಕ್ಕೊಂದು ವಿರೋಧವಾದ ಅಪ್ಪಣೆಗಳನ್ನು. ಚಲನೆಯನ್ನು ಗುರುತಿಸಬೇಕೆಂಬುದು ಒಂದು ಅಪ್ಪಣೆ, ಗುರುತಿಸಿದ್ದನ್ನು ಹಿಂಬಾಲಿಸಬೇಕೆಂಬುದು ಬೇರೊಂದು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆತರೆ ಗಂಟೆ ಬಾರಿಸುತ್ತದೆ, ಕತ್ತು ತಿರುಗುವುದಿಲ್ಲ. ನಿಗದಿತ ಹೊತ್ತಿಗೊಮ್ಮೆ ಸುತ್ತು ಹೊಡೆಯುವ ‘ಗಸ್ತು’ ವ್ಯವಸ್ಥೆ ನಡೆಯುತ್ತಿದ್ದರೆ ಅದು ಹಿಂಬಾಲಿಸುವ ಕೆಲಸಕ್ಕೆ ಅಡ್ಡಬರುವುದುಂಟು. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ವೇಳಾಪಟ್ಟಿ ಹಾಕಿದ್ದರೆ ಕ್ಯಾಮೆರಾದ ಗಡಿಯಾರವನ್ನೂ ಪರೀಕ್ಷಿಸಬೇಕು. ಅದು ಚೀನಾ ದೇಶದ ಕಾಲದಲ್ಲಿ ನಡೆಯುತ್ತಿದ್ದರೆ ನಮಗಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಬೆಳಗಿನ ಆರಕ್ಕೆ ಮುಗಿಯಬೇಕಾದ ರಾತ್ರಿಯ ಪಹರೆ ನಮ್ಮ ಮೂರೂವರೆಗೇ ಮುಗಿದುಹೋಗುತ್ತದೆ.

ಎರಡನೆಯದು ವಿದ್ಯುತ್ತು. ಕತ್ತಲಾದೊಡನೆ ಕ್ಯಾಮೆರಾದ ಅವಗೆಂಪು ದೀಪಗಳು ಹೊತ್ತಿಕೊಳ್ಳುತ್ತವೆ. ಆ ಸಮಯಕ್ಕೆ ಮೋಟಾರೂ ತಿರುಗಿದರೆ ಒಂದೇ ಸಲಕ್ಕೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಅಡಾಪ್ಟರು ದುರ್ಬಲವಾಗಿದ್ದರೆ, ಅಥವಾ ತಂತಿ ತೆಳ್ಳಗೂ ಉದ್ದವಾಗಿಯೂ ಇದ್ದರೆ, ಕ್ಯಾಮೆರಾ ಒಂದು ಕ್ಷಣ ಮೂರ್ಛೆ ಹೋಗಿ ಎದ್ದು, ತನ್ನ ದಿಕ್ಕನ್ನು ತಿಳಿಯಲು ಈ ಕೊನೆಯಿಂದ ಆ ಕೊನೆಯವರೆಗೆ ಕತ್ತು ಹೊರಳಿಸುತ್ತದೆ. ನಮ್ಮದು ಸಂಜೆ ಆಕಾಶ ನೋಡುತ್ತಿದ್ದುದರ ಗುಟ್ಟು ಇದೇ ಆಗಿತ್ತು. ವಿದ್ಯುತ್ ಕೆಲಸ ಬಲ್ಲ ಬೀದಿಯ ಹುಡುಗನೊಬ್ಬ ಏಣಿ ಹತ್ತಿ ನೋಡಿ, “ಸಾರ್, ಮೋಟರ್ ಚೆನ್ನಾಗೈತೆ, ಅದಕ್ಕೆ ಹೊಟ್ಟೆಗೆ ಸಾಲ್ತಿಲ್ಲ ಅಷ್ಟೆ,” ಎಂದ. ರೋಗನಿದಾನವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ವೈದ್ಯರನ್ನು ನಾನು ಕಂಡಿಲ್ಲ. ದೂರದ ತಂತಿಯನ್ನು ತೆಗೆದು, ಕ್ಯಾಮೆರಾದ ಮೇಲೆ ಬರೆದಿದ್ದಷ್ಟೇ ವೋಲ್ಟಿನ, ಸಾಕಷ್ಟು ಆಂಪಿಯರಿನ ಅಡಾಪ್ಟರನ್ನು ಹತ್ತಿರದಲ್ಲಿ ಜೋಡಿಸಿದ ಮೇಲೆ ಮೂರ್ಛೆ ನಿಂತಿತು. ಕತ್ತನ್ನು ಕೈಯಿಂದ ತಿರುಗಿಸಬಾರದೆಂದೂ ಅವನು ಎಚ್ಚರಿಸಿದ. ಮೋಟಾರು ತಾನು ಇಟ್ಟ ಹೆಜ್ಜೆಗಳನ್ನು ಎಣಿಸಿ ತನ್ನ ದಿಕ್ಕನ್ನು ತಿಳಿಯುತ್ತದೆ. ನಾವು ತಿರುಗಿಸಿದರೆ ಲೆಕ್ಕ ತಪ್ಪಿ, ಮೇಲಿನ ಕಣ್ಣು ಗೇಟನ್ನು ತೋರಿಸಿದರೆ ಕೆಳಗಿನದು ಮೆಟ್ಟಿಲನ್ನು ನೋಡುತ್ತದೆ. ಆಫ್ ಮಾಡಿ ಮತ್ತೆ ಹಾಕಿ, ಎರಡು ಕಣ್ಣುಗಳ ಹೊಂದಾಣಿಕೆಯನ್ನು ಹೊಸದಾಗಿ ಮಾಡಿಸುವುದೇ ಅದಕ್ಕೆ ಮದ್ದು.

ಮೂರನೆಯದು ನೋಟವೇ. ಕ್ಯಾಮೆರಾ ಮನುಷ್ಯನನ್ನು ಮೊದಲಿಗೆ ಮನುಷ್ಯನೆಂದು ಕಾಣುವುದಿಲ್ಲ. ಒಂದರ ಹಿಂದೊಂದು ತೆಗೆದ ಚಿತ್ರಗಳನ್ನು ಹೋಲಿಸಿ ಎಲ್ಲಿ ಬೆಳಕು ಬದಲಾಯಿತೆಂದು ನೋಡುತ್ತದೆ. ಗಾಳಿಗೆ ಆಡುವ ಗರಿ, ಒಣಹಾಕಿದ ಸೀರೆ, ಮೋಡದ ನೆರಳು, ಮಳೆಯ ಹನಿ ಎಲ್ಲವೂ ಅದಕ್ಕೆ ಚಲನೆಯೇ. ಮನುಷ್ಯಾಕಾರವನ್ನು ಬೇರ್ಪಡಿಸುವ ಕಲಿಕೆ ಈಚಿನ ಕ್ಯಾಮೆರಾಗಳಿಗೆ ಇದೆ. ಅದನ್ನು ಆರಿಸಿಕೊಳ್ಳಬೇಕು, ಸೂಕ್ಷ್ಮತೆಯನ್ನು ಒಂದೊಂದು ಮೆಟ್ಟಿಲಾಗಿ ಇಳಿಸಬೇಕು, ಗರಿ ಆಡುವ ಮೂಲೆಯನ್ನು ಗಮನಿಸುವ ವಲಯದಿಂದ ಹೊರಗಿಡಬೇಕು. ನೇರವಾಗಿ ಎದುರಿಗೆ ನಡೆದು ಬರುವವನಿಗಿಂತ ಅಡ್ಡಹಾಯುವವನು ಬೇಗ ಗುರುತಿಗೆ ಸಿಕ್ಕುತ್ತಾನೆ. ಆದುದರಿಂದ ಗೇಟಿಗೆ ನೇರ ಎದುರಿಗಿಂತ ಸ್ವಲ್ಪ ಓರೆಯಾಗಿ, ಎಂಟು ಹತ್ತು ಅಡಿ ಎತ್ತರದಲ್ಲಿ ಇರುವುದು ಮೇಲು. ರಾತ್ರಿ ದೀಪದ ಸುತ್ತ ಹುಳುಗಳು ಬರುತ್ತವೆ, ಅವುಗಳನ್ನು ಹಿಡಿಯಲು ಜೇಡ ಬಲೆ ನೇಯುತ್ತದೆ. ಮಸೂರದ ಮುಂದೆ ಹೊಳೆಯುವ ಆ ಒಂದೆಳೆ ಕ್ಯಾಮೆರಾಕ್ಕೆ ಮಹಾಸಂಚಾರವಾಗಿ ತೋರುತ್ತದೆ. ಇದಕ್ಕೆ ವಾರಕ್ಕೊಮ್ಮೆ ಪೊರಕೆಯೇ ಪರಿಹಾರ. ಒಂದು ನಿಯಮವನ್ನು ಮಾತ್ರ ಮೀರಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಗೇಟಿನಿಂದ ಬಾಗಿಲಿನವರೆಗೆ ನಡೆದು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವ ಮದ್ದಿನಿಂದ ಆಯಿತೆಂದು ತಿಳಿಯುವುದಿಲ್ಲ. ಎಲ್ಲ ವ್ಯವಸ್ಥೆಯನ್ನೂ ಅಳಿಸಿ ಮೊದಲಿನಿಂದ ಆರಂಭಿಸುವುದು ಕಟ್ಟಕಡೆಯ ಉಪಾಯ.

ಹೀಗೆ ಕಣ್ಣು ಸರಿಹೋಯಿತು. ಸರಿಹೋದುದರಿಂದಲೇ ಹೊಸ ಪ್ರಶ್ನೆಯೊಂದು ಹುಟ್ಟಿತು. ಎದುರುಮನೆಯ ಹಿರಿಯರೊಬ್ಬರು ಒಂದು ಭಾನುವಾರ ಬಂದು ಕಾಫಿ ಕುಡಿದು, ಲೋಟ ಕೆಳಗಿಟ್ಟು, “ಮೇಷ್ಟ್ರೇ, ನಿಮ್ಮ ಕ್ಯಾಮೆರಾ ಈಗ ಬಹಳ ಚುರುಕಾಗಿದೆ. ನಮ್ಮ ಸೊಸೆ ಕೆಲಸದಿಂದ ಬಂದರೆ ನಮ್ಮ ಬಾಗಿಲವರೆಗೂ ಅವಳನ್ನು ಬಿಟ್ಟುಬರುತ್ತದೆ,” ಎಂದರು. ಮಾತಿನಲ್ಲಿ ಕೋಪವಿರಲಿಲ್ಲ, ಅಷ್ಟರಮಟ್ಟಿಗೆ ಅದು ಹೆಚ್ಚು ಮುಟ್ಟಿತು. ರಾತ್ರಿಯ ಬೀದಿಯಲ್ಲಿ ಅಪರಿಚಿತನೊಬ್ಬ ಹಿಂಬಾಲಿಸದಿರಲೆಂದು ನಾವು ಕ್ಯಾಮೆರಾ ಇಡುತ್ತೇವೆ. ಆ ಹೆಣ್ಣುಮಗಳಿಗಾದರೋ ದಿನವೂ ತನ್ನತ್ತ ತಿರುಗುವ ಆ ಕತ್ತು ಕೂಡ ಇನ್ನೊಂದು ಹಿಂಬಾಲಿಕೆಯೇ ಅಲ್ಲವೆ?

ಖಾಸಗಿ ಬದುಕು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಅಂದರೆ ಕಮ್ಮನಹಳ್ಳಿಯ ಆ ರಾತ್ರಿ ಕಳೆದು ಎಂಟು ತಿಂಗಳು ತುಂಬುವ ಮುನ್ನ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಒಂದೇ ವರ್ಷದಲ್ಲಿ ಎರಡು ಪಾಠಗಳು ದೊರೆತಂತಾಯಿತು: ನೋಡುವ ಕಣ್ಣು ಬೇಕೆಂಬುದು ಒಂದು, ಆ ಕಣ್ಣಿಗೆ ಎಲ್ಲೆ ಬೇಕೆಂಬುದು ಇನ್ನೊಂದು. ಇವು ಪರಸ್ಪರ ವಿರೋಧಿಗಳೆಂದು ವಾದಿಸುವವರುಂಟು. ಎರಡು ಮಸೂರಗಳ ಈ ಸಾಧನ ನನಗೆ ಹಾಗೆ ಹೇಳುವುದಿಲ್ಲ.

ಎದುರುಮನೆಯ ಬಾಗಿಲು, ಕಿಟಕಿಗಳಿರುವ ಭಾಗವನ್ನು ಎರಡು ಕಣ್ಣುಗಳಿಗೂ ಕಪ್ಪುಪಟ್ಟಿಯಿಂದ ಮುಚ್ಚಿದೆವು. ತಿರುಗುವ ಕಣ್ಣಿನ ಸಂಚಾರವನ್ನು ನಮ್ಮ ಕಾಂಪೌಂಡಿನೊಳಕ್ಕೆ ಮಿತಿಗೊಳಿಸಿದೆವು. ನೆಟ್ಟ ಕಣ್ಣು ಗೇಟನ್ನೂ ಅದರ ಮುಂದಿನ ಒಂದಿಷ್ಟು ರಸ್ತೆಯನ್ನೂ ನೋಡುತ್ತ ನಿಂತಿದೆ. ಮಾಡಿದ್ದನ್ನು ಮೊಬೈಲಿನಲ್ಲಿ ಆ ಹಿರಿಯರಿಗೂ ಅವರ ಸೊಸೆಗೂ ತೋರಿಸಿದೆವು. ಇದನ್ನು ಯಾವ ಕಂಪೆನಿಯ ಕೈಪಿಡಿಯೂ ಹೇಳದಿದ್ದರೂ ದುರಸ್ತಿಯ ಒಂದು ಅಂಗವೇ ಸರಿ. ಆಕೆ ಒಂದು ಕ್ಷಣ ನೋಡಿ, “ರಸ್ತೆ ಕಾಣೋದು ಇರಲಿ ಅಂಕಲ್, ರಾತ್ರಿ ಬರುವಾಗ ಅದು ಬೇಕು,” ಎಂದಳು. ಹಿಂಬಾಲಿಸುವ ಕಣ್ಣು ಬೇಡ, ನಿಂತು ನೋಡುವ ಕಣ್ಣು ಬೇಕು ಎಂಬ ವಿವೇಕವನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಯಂತ್ರದ ಚಲನೆಯನ್ನು ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಅದು ಯಾರ ಕಡೆ ತಿರುಗಬೇಕು, ಯಾರ ಕಡೆ ತಿರುಗಬಾರದು ಎಂಬುದನ್ನು ನೆರೆಯವರೊಡನೆ ಕುಳಿತು ತೀರ್ಮಾನಿಸುವುದು ದೀರ್ಘಕಾಲದ ಕೆಲಸ. ಬಾಡಿಗೆದಾರರು ಬದಲಾದಾಗಲೆಲ್ಲ ಮತ್ತೆ ಮಾಡಬೇಕಾದದ್ದು. 2017ರಲ್ಲಿ ಆ ಮನೆಯ ಕ್ಯಾಮೆರಾ ಕಂಡದ್ದು ತಂತಾನೇ ಪೊಲೀಸರ ಬಳಿಗೆ ನಡೆದುಹೋಗಲಿಲ್ಲ. ಅದನ್ನು ನೋಡಿ, ಇದು ನಮ್ಮ ಬೀದಿಯಲ್ಲಿ ನಡೆದಿದೆ, ಸುಮ್ಮನಿರಲಾಗದು ಎಂದುಕೊಂಡ ಮನುಷ್ಯರು ಬೇಕಾಯಿತು. ಕಣ್ಣನ್ನು ಅಂಗಡಿಯಲ್ಲಿ ಕೊಳ್ಳಬಹುದು. ಕಾವಲನ್ನು ನಾವು ನಾವೇ ಕೊಡಬೇಕು.