ಗಡಿಯಾರ ತಿರುಗಿಸಿದರೂ ದೇಹ ತಿರುಗದು: ದೂರದೇಶದ ಪ್ರಯಾಣಕ್ಕೆ ಮುನ್ನ ಮನೆಯಲ್ಲೇ ಮಾಡಬೇಕಾದ ಸಿದ್ಧತೆ

ಬೇಸಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಅಂಗಳದಲ್ಲಿ ಎರಡು ಬಗೆಯ ಪ್ರಯಾಣದ ಮಾತು ಕೇಳಿಬರುತ್ತದೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ತಂದೆಯ ಬಳಿಗೆ ತಾಯಿ ಮಕ್ಕಳು ಹೋಗಿ ಬರುವುದು ಒಂದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಮಗಳ ಬಾಣಂತನಕ್ಕೆ ಅಜ್ಜ ಅಜ್ಜಿಯರು ಹೊರಡುವುದು ಇನ್ನೊಂದು. ಟಿಕೇಟು, ವೀಸಾ, ಹಪ್ಪಳ, ಉಪ್ಪಿನಕಾಯಿ, ಮಗುವಿನ ತೊಟ್ಟಿಲ ಬಟ್ಟೆ ಎಲ್ಲಕ್ಕೂ ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ. ಆದರೆ ವಿಮಾನದಿಂದ ಇಳಿದ ಮೊದಲ ರಾತ್ರಿಗೂ ಅನಂತರದ ಒಂದು ವಾರಕ್ಕೂ ಬೇಕಾದ ಸಿದ್ಧತೆಯನ್ನು ಮಾಡಿಕೊಳ್ಳುವವರು ವಿರಳ.

ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಜುಲೈ ತಿಂಗಳೊಂದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾತ್ರಿ 10 ಗಂಟೆಗೆ ಇಳಿದರು. ಅವರು ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವವರು. ಊರಿನ ಬೆಳಿಗ್ಗೆ 7:30ರ ಲೆಕ್ಕದಲ್ಲಿ ವಿಮಾನದಲ್ಲೇ ಒಂದು ಸಲ ತೆಗೆದುಕೊಂಡಿದ್ದರು. ಮಗಳ ಮನೆ ತಲುಪುವಾಗ ಅಲ್ಲಿ ನಡುರಾತ್ರಿ. ‘ರಾತ್ರಿಯದ್ದು ಬಾಕಿಯಾಯಿತು’ ಎಂದು ಇನ್ನೊಂದು ಸಲ ಚುಚ್ಚಿಕೊಂಡು, ಆಯಾಸದಿಂದ ಎರಡು ತುತ್ತು ಉಂಡು ಮಲಗಿದರು. ಹನ್ನೆರಡು ಗಂಟೆಗಳ ಅಂತರ ಇರಬೇಕಾದಲ್ಲಿ ಇದ್ದದ್ದು ಐದೇ ಗಂಟೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಮಾತು ತೊದಲತೊಡಗಿತು. ತುಂಬು ಗರ್ಭಿಣಿ ಮಗಳು ಸಕ್ಕರೆ ನೀರು ಕುಡಿಸಿದ್ದರಿಂದ ಅಪಾಯ ತಪ್ಪಿತು. ಅಜ್ಜಿಯವರಲ್ಲಿ ಅಜಾಗ್ರತೆ ಇರಲಿಲ್ಲ. ಹೊರಡುವ ಮುನ್ನ ಅವರಿಗೆ ಆ ಲೆಕ್ಕವನ್ನು ಹೇಳಿಕೊಟ್ಟವರು ಇರಲಿಲ್ಲ. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಈ ಸಂಗತಿ ಪ್ರಸ್ತಾಪವಾದಾಗ, ನಮ್ಮ ಭಾಷೆಯಲ್ಲಿ ಇದನ್ನು ವಿವರವಾಗಿ ಬರೆದಿಡಬೇಕೆಂದು ನಮಗನ್ನಿಸಿತು.

ನಾಚಿಕೆಮುಳ್ಳು ಕಲಿಸಿದ ಪಾಠ

ನಮ್ಮ ಗುಡ್ಡಗಳಲ್ಲಿ ಬೆಳೆಯುವ ನಾಚಿಕೆಮುಳ್ಳು ಹಗಲಿನಲ್ಲಿ ಎಲೆ ಬಿಚ್ಚಿ ರಾತ್ರಿ ಮಡಚಿಕೊಳ್ಳುವುದನ್ನು ಮಕ್ಕಳು ಬಲ್ಲರು. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ದ ಮೆರಾಂ ಇಂತಹ ಗಿಡವೊಂದನ್ನು ಬಿಸಿಲು ತಾಗದ ಕತ್ತಲೆಯಲ್ಲಿಟ್ಟು ನೋಡಿದರು. ಬೆಳಕಿಲ್ಲದಿದ್ದರೂ ಗಿಡ ತನ್ನ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚುತ್ತಿತ್ತು, ಮಡಚುತ್ತಿತ್ತು. ಜೀವಿಯೊಳಗೇ ಒಂದು ಗಡಿಯಾರವಿದೆ ಎಂಬ ತಿಳಿವಿಗೆ ಇದು ನಾಂದಿಯಾಯಿತು. ಹಣ್ಣಿನ ನೊಣಗಳ ಜೀನುಗಳ ಮೂಲಕ ಆ ಗಡಿಯಾರ ನಡೆಯುವ ಬಗೆಯನ್ನು ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಮನುಷ್ಯನಲ್ಲಿ ಈ ಗಡಿಯಾರದ ಮುಖ್ಯ ಕೇಂದ್ರ ಮೆದುಳಿನ ತಳಭಾಗದಲ್ಲಿದೆ. ಕಣ್ಣಿಗೆ ಬೀಳುವ ಬೆಳಕೇ ಅದನ್ನು ದಿನದಿನವೂ ಸರಿಪಡಿಸುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ರಸ ಹೆಚ್ಚಾಗಿ ಸ್ರವಿಸಿ, ಇದು ರಾತ್ರಿಯೆಂದು ದೇಹಕ್ಕೆ ತಿಳಿಸುತ್ತದೆ. ನಿದ್ದೆಯಷ್ಟೇ ಅಲ್ಲ, ಹಸಿವು, ಜೀರ್ಣ, ಮಲವಿಸರ್ಜನೆ, ಮೈಯ ಬಿಸಿ ಎಲ್ಲವೂ ಇದೇ ಗಡಿಯಾರದ ಹಿಡಿತದಲ್ಲಿವೆ. ವಿಮಾನ ಒಂದೇ ದಿನದಲ್ಲಿ ನಮ್ಮನ್ನು ಅರ್ಧ ಭೂಮಿ ದಾಟಿಸುತ್ತದೆ; ಒಳಗಿನ ಗಡಿಯಾರ ಮಾತ್ರ ಪಶ್ಚಿಮಕ್ಕೆ ಹೋದಾಗ ದಿನಕ್ಕೆ ಸುಮಾರು ಒಂದೂವರೆ ಗಂಟೆ, ಪೂರ್ವಕ್ಕೆ ಹೋದಾಗ ಸುಮಾರು ಒಂದು ಗಂಟೆ ಸರಿಯುತ್ತದೆ. ಈ ನಡುವಣ ದಿನಗಳ ತೊಂದರೆಗೇ ಜೆಟ್ ಲ್ಯಾಗ್ ಎಂದು ಹೆಸರು. ಇದು ಮನಸ್ಸಿನ ದೌರ್ಬಲ್ಯವೂ ಅಲ್ಲ, ವಯಸ್ಸಿನ ದೋಷವೂ ಅಲ್ಲ.

ಎಷ್ಟು ಗಂಟೆಯ ಅಂತರ?

ಹೊರಡುವ ಊರಿಗೂ ಸೇರುವ ಊರಿಗೂ ಎಷ್ಟು ಅಂತರವೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ದುಬೈ, ಅಬುಧಾಬಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ ಅರೇಬಿಯಾ, ಕುವೈತ್, ಕತಾರ್ ಎರಡೂವರೆ ಗಂಟೆ ಹಿಂದೆ. ಲಂಡನ್ ಬೇಸಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಸ್ಯಾನ್ ಫ್ರಾನ್ಸಿಸ್ಕೋ ಬೇಸಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಗಲ್ಫ್ ಪ್ರಯಾಣದ ದಣಿವು ಬಹುಮಟ್ಟಿಗೆ ನಿದ್ದೆಗೆಟ್ಟದ್ದರಿಂದ ಬಂದದ್ದು; ಎರಡು ರಾತ್ರಿ ಚೆನ್ನಾಗಿ ನಿದ್ರಿಸಿದರೆ ಸರಿಹೋಗುತ್ತದೆ. ಅಮೆರಿಕದ್ದು ಹಾಗಲ್ಲ. ಮೇಲೆ ಹೇಳಿದ ಅಜ್ಜಿಯವರ ಲೆಕ್ಕವನ್ನೇ ನೋಡೋಣ. ಅಲ್ಲಿ ರಾತ್ರಿ 10 ಗಂಟೆಯೆಂದರೆ ಅವರ ದೇಹಕ್ಕೆ ಬೆಳಿಗ್ಗೆ 10:30. ಎಲ್ಲರೂ ‘ಮಲಗಿ’ ಎನ್ನುವಾಗ ಅವರಿಗೆ ನಿದ್ದೆ ಹತ್ತದು. ಅಲ್ಲಿಯ ನಡುರಾತ್ರಿ 1 ಗಂಟೆಗೆ ದೇಹದಲ್ಲಿ ಮಧ್ಯಾಹ್ನ 1:30. ಆಗ ಊಟದ ಹಸಿವು. ಅಲ್ಲಿಯ ಮಧ್ಯಾಹ್ನ 2:30 ದೇಹಕ್ಕೆ ನಸುಕಿನ 3 ಗಂಟೆ. ಕುಳಿತಲ್ಲೇ ಕಣ್ಣು ಮುಚ್ಚುತ್ತದೆ. ಪೂರ್ತಿ ಹೊಂದಿಕೊಳ್ಳಲು ಎಂಟರಿಂದ ಹನ್ನೆರಡು ದಿನ ಬೇಕಾಗಬಹುದು. ಬಾಣಂತನಕ್ಕೆ ಹೋಗುವವರು ಹೆರಿಗೆಯ ದಿನಕ್ಕಿಂತ ಎರಡು ವಾರವಾದರೂ ಮೊದಲು ತಲುಪುವಂತೆ ಟಿಕೇಟು ಮಾಡುವುದು ಇದೇ ಕಾರಣಕ್ಕೆ ಒಳಿತು. ನಿದ್ದೆಗೆಟ್ಟು ತೂಕಡಿಸುವವರ ಕೈಗೆ ಎಳೆಮಗುವನ್ನು ಕೊಡಲಾಗದು.

ಹೊರಡುವ ಮುನ್ನ

ಮೊದಲ ಕೆಲಸ ವೈದ್ಯರ ಭೇಟಿ. ವಿಮಾನ ಹೊರಡುವ, ಬದಲಿಸುವ, ತಲುಪುವ ಹೊತ್ತುಗಳನ್ನು ಭಾರತದ ಸಮಯಕ್ಕೆ ಇಳಿಸಿ ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಬೇಕು. ಪಶ್ಚಿಮಕ್ಕೆ ಹೋಗುವಾಗ ಪ್ರಯಾಣದ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹೋಗುವಾಗ ಕುಗ್ಗುತ್ತದೆ. ಆದ್ದರಿಂದ ಇನ್ಸುಲಿನ್‌ನ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಬೇಕಾಗಬಹುದು. ರಕ್ತದೊತ್ತಡ, ಹೃದಯ, ಅಪಸ್ಮಾರದ ಮಾತ್ರೆಗಳ ಬಗ್ಗೆಯೂ ಕೇಳಬೇಕು. ಈ ಲೆಕ್ಕವನ್ನು ವೈದ್ಯರೇ ಹಾಕಿಕೊಡಬೇಕು. ನೆರೆಮನೆಯವರ ಅನುಭವ ಇಲ್ಲಿ ಸಲ್ಲದು. ಅವರು ಹೇಳಿದ್ದನ್ನು ಕನ್ನಡದಲ್ಲಿ, ಅಜ್ಜ ಅಜ್ಜಿ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ ಮೊಮ್ಮಕ್ಕಳೇ ಬರೆದುಕೊಡಲಿ.

ಔಷಧಗಳು ಕೈಚೀಲದಲ್ಲಿಯೇ ಇರಬೇಕು. ಕೆಳಗೆ ಹಾಕುವ ಪೆಟ್ಟಿಗೆ ತಡವಾದರೆ ಅಥವಾ ಇನ್ಸುಲಿನ್ ಅಲ್ಲಿ ಹೆಪ್ಪುಗಟ್ಟಿದರೆ ಪರದೇಶದ ನಡುರಾತ್ರಿಯಲ್ಲಿ ದಾರಿಯಿರದು. ವೈದ್ಯರ ಚೀಟಿಯಲ್ಲಿ ಔಷಧದ ರಾಸಾಯನಿಕ ಹೆಸರನ್ನೂ ಬರೆಯಿಸಿಕೊಳ್ಳಬೇಕು, ಏಕೆಂದರೆ ನಮ್ಮ ಅಂಗಡಿಯ ಹೆಸರು ಅಲ್ಲಿ ಪರಿಚಿತವಲ್ಲ. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ಎರಡು ದಿನ ಮುಂಚಿತವಾಗಿಯಾದರೂ ತಿಳಿಸಬೇಕು.

ಸಾಧ್ಯವಾದರೆ ಹೊರಡುವ ಮೂರು ನಾಲ್ಕು ದಿನ ಮೊದಲಿನಿಂದಲೇ ಪಶ್ಚಿಮಕ್ಕೆ ಹೋಗುವವರು ಅರ್ಧ ಗಂಟೆಯಿಂದ ಒಂದು ಗಂಟೆ ತಡವಾಗಿ, ಪೂರ್ವಕ್ಕೆ ಹೋಗುವವರು ಅಷ್ಟೇ ಬೇಗನೆ ಮಲಗಿ ಏಳುವ ಅಭ್ಯಾಸ ಮಾಡಬಹುದು. ಇದಾಗದಿದ್ದರೂ ಒಂದನ್ನು ತಪ್ಪಿಸಲೇಬೇಕು: ಹೊರಡುವ ಹಿಂದಿನ ರಾತ್ರಿಯಿಡೀ ಪೆಟ್ಟಿಗೆ ಕಟ್ಟುತ್ತ, ನೆಂಟರನ್ನು ಬೀಳ್ಕೊಡುತ್ತ ಎಚ್ಚರವಿರುವುದನ್ನು.

ವಿಮಾನದಲ್ಲಿ

ವಿಮಾನದೊಳಗಿನ ಗಾಳಿ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಂತೆ ತೆಳುವಾಗಿದ್ದು, ಬಹಳ ಒಣಗಿರುತ್ತದೆ. ಆಗಾಗ ನೀರು ಕುಡಿಯಬೇಕು. ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ನೀರನ್ನೇ ಬಿಡುವ ತಾಯಂದಿರು ಅನೇಕರು. ಇದು ತಲೆನೋವು, ಮಲಬದ್ಧತೆಗೆ ದಾರಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತರೆ ಕೆಲವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಬೇಕು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಪ್ರಯಾಣದ ಬಳಿಕ ಒಂದೇ ಕಾಲು ಬಾತು ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಆಯಾಸವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಡುರಾತ್ರಿಯಲ್ಲಿ ಇಳಿದಾಗ

ರಾತ್ರಿ ಇಳಿಯುವವರ ಕೈಯಲ್ಲಿ ಒಂದು ಕಾಗದ ಇರಲೇಬೇಕು. ಹೋಗಬೇಕಾದ ಮನೆಯ ವಿಳಾಸ, ಕರೆದೊಯ್ಯಲು ಬರುವವರ ಹೆಸರು ಮತ್ತು ದೂರವಾಣಿ, ಬರುವವರು ನಿಲ್ಲುವ ಜಾಗ, ಹಿಂದಿರುಗುವ ದಿನಾಂಕ, ಕಾಯಿಲೆ ಮತ್ತು ಔಷಧಗಳ ವಿವರ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದರಲ್ಲಿರಬೇಕು. ಮೊಬೈಲಿನ ಬ್ಯಾಟರಿ ಮುಗಿದಿರಬಹುದು, ಸಿಮ್ ಕೆಲಸ ಮಾಡದಿರಬಹುದು, ಕಾಗದ ಕೈಕೊಡುವುದಿಲ್ಲ.

ವಲಸೆ ಅಧಿಕಾರಿ ಸಾಮಾನ್ಯವಾಗಿ ಕೇಳುವುದು ಏಕೆ ಬಂದಿರಿ, ಎಲ್ಲಿರುತ್ತೀರಿ, ಎಷ್ಟು ದಿನ ಎಂಬುದನ್ನು. ಇದ್ದದ್ದನ್ನು ಇದ್ದಂತೆ ಚುಟುಕಾಗಿ ಹೇಳಿದರೆ ಸಾಕು. ಅರ್ಥವಾಗದ ಪ್ರಶ್ನೆಗೆ ‘ಯೆಸ್’ ಎಂದು ತಲೆಯಾಡಿಸಬಾರದು. ತಿಳಿಯದ ಭಾಷೆಯ ನಮೂನೆಗೆ ಸಹಿ ಹಾಕಿದರೆ ಏನಾಗುತ್ತದೆಂಬುದನ್ನು ಗಡಿನಾಡಿನ ನಾವು ನಮ್ಮ ಕಚೇರಿಗಳಲ್ಲಿಯೇ ಸಾಕಷ್ಟು ಕಂಡಿದ್ದೇವೆ. ‘ಐ ಸ್ಪೀಕ್ ಕನ್ನಡ’ ಎಂಬ ಮೂರು ಪದಗಳನ್ನು ಹಿರಿಯರಿಗೆ ಕಲಿಸಿ ಕಳುಹಿಸೋಣ. ದುಭಾಷಿಯನ್ನು ಕೇಳುವುದರಲ್ಲಿ ಅವಮಾನವೇನಿಲ್ಲ. ಅಮೆರಿಕಕ್ಕೆ ಹೋಗುವವರು ಹಣ್ಣು, ಬೀಜ, ಗಿಡ, ಮಾಂಸ ಮೊದಲಾದ ಯಾವುದೇ ತಿನಿಸು ಒಯ್ದಿದ್ದರೂ ಮುಚ್ಚಿಡದೆ ಘೋಷಿಸಬೇಕು. ಅಲ್ಲಿ ಮತ್ತೊಂದು ವಿಮಾನ ಹಿಡಿಯುವುದಿದ್ದರೆ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲಿಯೇ ಪೆಟ್ಟಿಗೆ ಪಡೆದು ಪುನಃ ಒಪ್ಪಿಸಬೇಕಾಗುತ್ತದೆ.

ಮನೆ ಸೇರಿದ ಮೇಲೆ ಆ ರಾತ್ರಿ ಪೆಟ್ಟಿಗೆ ಬಿಚ್ಚುವುದು, ಊರಿನ ಸುದ್ದಿ ಹೇಳುವುದು ಬೇಡ. ಗಂಜಿಯಂತಹ ಹಗುರ ಆಹಾರ, ವೈದ್ಯರ ಹಾಳೆ ನೋಡಿಯೇ ಔಷಧ, ಮಂದ ಬೆಳಕು, ಹಾಸಿಗೆ. ನಿದ್ದೆ ಬಾರದಿದ್ದರೂ ಮೊಬೈಲ್ ಹಿಡಿಯದೆ ಮಲಗಿರುವುದೇ ವಿಶ್ರಾಂತಿ. ಶೌಚಾಲಯದ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಗೊತ್ತಿಲ್ಲದ ಮನೆಯ ಮೆಟ್ಟಿಲಲ್ಲಿ ಹಿರಿಯರು ಬೀಳಬಾರದು.

ಮೊದಲ ವಾರ

ಮರುದಿನ ಅಲ್ಲಿಯ ಹೊತ್ತಿಗೆ ಏಳಬೇಕು, ಅಲ್ಲಿಯ ಹೊತ್ತಿಗೆ ಉಣ್ಣಬೇಕು. ಅಮೆರಿಕದ ಪಶ್ಚಿಮ ಕರಾವಳಿಗೆ ಹೋದವರು ಬೆಳಗಿನಿಂದ ಮಧ್ಯಾಹ್ನದವರೆಗೆ ಆದಷ್ಟು ಹೊರಗಿನ ಬೆಳಕಿನಲ್ಲಿರಬೇಕು. ಲಂಡನ್ನಿಗೆ ಹೋದವರಿಗೆ ಸಂಜೆಯ ಬೆಳಕು ಹೆಚ್ಚು ಉಪಕಾರಿ. ಹಗಲಿನಲ್ಲಿ ತಡೆಯಲಾಗದಷ್ಟು ನಿದ್ದೆ ಬಂದರೆ ಅಲಾರಂ ಇಟ್ಟು ಅರ್ಧ ಗಂಟೆ ಮಲಗಬಹುದು. ಮೂರು ಗಂಟೆ ಮಲಗಿದರೆ ಆ ರಾತ್ರಿಯ ನಿದ್ದೆ ಹೋಯಿತು. ಕಾಫಿ ಕುಡಿದು ಐದು ಗಂಟೆಯಾದರೂ ಅದರ ಕೆಫೀನಿನ ಅರ್ಧದಷ್ಟು ಮೈಯಲ್ಲಿರುತ್ತದೆ. ಆದ್ದರಿಂದ ಮಧ್ಯಾಹ್ನದ ಬಳಿಕ ಕಾಫಿ ಬೇಡ. ಅಮೆರಿಕದ ಅಂಗಡಿಗಳಲ್ಲಿ ಮೆಲಟೋನಿನ್ ಮಾತ್ರೆ ಚೀಟಿಯಿಲ್ಲದೆಯೇ ಸಿಗುತ್ತದೆ. ಬೇರೆ ಔಷಧ ಸೇವಿಸುವವರೂ ಮಕ್ಕಳೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಊರಿನಲ್ಲಿ ಉಳಿದವರಿಗೂ ಒಂದು ಮಾತು. ನಮ್ಮ ಮಧ್ಯಾಹ್ನ ಅವರ ನಡುರಾತ್ರಿ. ‘ತಲುಪಿದಿರಾ’ ಎಂದು ಹತ್ತು ಮಂದಿ ಹತ್ತು ಹೊತ್ತಿಗೆ ಕರೆ ಮಾಡಿದರೆ ಅವರಿಗೆ ನಿದ್ದೆಯಿಲ್ಲ. ಬೇಸಗೆಯಲ್ಲಿ ನಮ್ಮ ರಾತ್ರಿ 8:30 ಸ್ಯಾನ್ ಫ್ರಾನ್ಸಿಸ್ಕೋದ ಬೆಳಿಗ್ಗೆ 8. ಅದೊಂದು ಹೊತ್ತನ್ನು ನಿಗದಿ ಮಾಡಿಕೊಂಡರೆ ಎರಡೂ ಕಡೆಗೆ ಹಿತ.

ಮರಳಿ ಊರಿಗೆ

ಪರದೇಶದಿಂದ ಬರುವ ವಿಮಾನಗಳಲ್ಲಿ ಅನೇಕವು ನಡುರಾತ್ರಿಯಲ್ಲಿ ಅಥವಾ ನಸುಕಿನಲ್ಲಿ ಇಳಿಯುತ್ತವೆ. ಕರೆತರಲು ಹೋದ ಅಣ್ಣನೋ ಭಾವನೋ ಹಗಲೆಲ್ಲ ದುಡಿದು, ನಿದ್ದೆಯಿಲ್ಲದೆ ಕಾದು, ಬಳಿಕ ಕಾರು ಓಡಿಸುತ್ತಾರೆ. ಒಳಗಿದ್ದವರೆಲ್ಲ ನಿದ್ದೆಗೆ ಜಾರಿರುತ್ತಾರೆ. ನಸುಕಿನ ಎರಡರಿಂದ ಆರು ಗಂಟೆಯ ನಡುವೆ ದೇಹದ ಎಚ್ಚರ ಅತ್ಯಂತ ಕೆಳಗಿರುತ್ತದೆ. ಕಿಟಕಿ ತೆರೆದು ಗಾಳಿ ಬಿಟ್ಟರೂ ಹಾಡು ಹಾಕಿದರೂ ಅದು ಮೇಲೇಳದು. ಮಂಗಳೂರಿನಿಂದ ಬರುವುದಾದರೆ ಹಗಲು ನಿದ್ದೆ ಮಾಡಿದ ಚಾಲಕ ಬೇಕು. ಬೆಂಗಳೂರಿನಲ್ಲಿ ಇಳಿದವರು ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನೂ ಘಾಟಿಯನ್ನೂ ಅದೇ ರಾತ್ರಿ ದಾಟುವ ಹಟ ಮಾಡಬಾರದು. ಒಂದು ರಾತ್ರಿಯ ಕೋಣೆ ಬಾಡಿಗೆಯನ್ನು ಟಿಕೇಟಿನ ಖರ್ಚಿನಲ್ಲಿಯೇ ಸೇರಿಸಿಡುವುದು ವಿವೇಕ.

ಮಕ್ಕಳ ವಿಷಯದಲ್ಲಿ ನಮ್ಮ ಕೋರಿಕೆ ಇಷ್ಟೇ. ಜೂನ್ ಆರಂಭದಲ್ಲಿ ಶಾಲೆ ತೆರೆಯುತ್ತದೆ. ಗಲ್ಫ್‌ನಿಂದ ಬರುವವರು ಮೂರು ದಿನ ಮೊದಲು, ಅಮೆರಿಕದಿಂದ ಬರುವವರು ಹತ್ತು ದಿನ ಮೊದಲು ಮನೆ ಸೇರಿರಲಿ. ಹಿಂದಿನ ರಾತ್ರಿ ಇಳಿದ ಮಗು ಮರುದಿನ ತರಗತಿಯಲ್ಲಿ ತಲೆ ಬಾಗಿಸಿ ತೂಕಡಿಸುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಅದು ಸೋಮಾರಿತನವಲ್ಲವೆಂದು ಶಿಕ್ಷಕರಾದ ನಾವೂ ತಿಳಿಯಬೇಕು, ಮಗುವನ್ನು ಬಯ್ಯದಿರಬೇಕು.

ಆ ಅಜ್ಜಿ ಈಗ ಮತ್ತೊಮ್ಮೆ ಹೊರಡುವವರಿದ್ದಾರೆ. ಈ ಸಲ ಔಷಧದ ಹಾಳೆಯನ್ನು ಮೊಮ್ಮಗಳು ತನ್ನ ದುಂಡು ಕನ್ನಡ ಅಕ್ಷರಗಳಲ್ಲಿ ಬರೆದಿದ್ದಾಳೆ: ಎಡಗಡೆ ಊರಿನ ಸಮಯ, ಬಲಗಡೆ ಅಲ್ಲಿಯ ಸಮಯ, ನಡುವೆ ವೈದ್ಯರು ಹೇಳಿದ ಪ್ರಮಾಣ. ಹೊರಡುವ ಪ್ರತಿ ಮನೆಯಲ್ಲಿಯೂ ಇಂತಹ ಒಂದು ಹಾಳೆ ಸಿದ್ಧವಾಗಲಿ.