ಮನೆಯ ಧ್ವನಿಮುದ್ರಣಕ್ಕೆ ವಾಲ್ವ್ ಪ್ರಿಆಂಪ್: ಕೊಳ್ಳುವ ಮುನ್ನ

ಮನೆಯೊಳಗೇ ಹಾಡು ಮುದ್ರಿಸಿಕೊಳ್ಳುವುದು ಇಂದು ಸಾಹಸದ ಮಾತಾಗಿ ಉಳಿದಿಲ್ಲ. ಒಂದು ಕಂಪ್ಯೂಟರು, ಒಂದು ಮೈಕು, ಅವೆರಡರ ನಡುವೆ ಒಂದು ಚಿಕ್ಕ ಪೆಟ್ಟಿಗೆ ಇದ್ದರಾಯಿತು. ಕ್ರಿಸ್ಮಸ್ ಗೀತೆಯಿರಲಿ, ಗಾಯನ ಮಂಡಳಿಯ ಭಕ್ತಿಗೀತೆಯಿರಲಿ, ಮದುವೆಗೆಂದು ಕಟ್ಟಿದ ಹಾಡಿರಲಿ, ಕ್ಯಾಸೆಟ್ಟಿನ ಕಾಲದಲ್ಲಿ ಎಲ್ಲಕ್ಕೂ ಸ್ಟುಡಿಯೋದ ಬಾಗಿಲು ತಟ್ಟಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರಬೇಕಿತ್ತು. ಕೊಂಕಣ ಕೋಗಿಲೆ ಎನಿಸಿದ ವಿಲ್ಫಿ ರೆಬಿಂಬಸ್ (1942-2010) ಅವರ ಹಾಡುಗಳು ಕ್ಯಾಸೆಟ್ಟುಗಳನ್ನೇರಿ ಕೊಲ್ಲಿ ರಾಷ್ಟ್ರಗಳಲ್ಲಿದ್ದ ನಮ್ಮವರ ಕೋಣೆಗಳನ್ನು ತಲುಪಿದ ದಿನಗಳನ್ನು ಹಿರಿಯ ಓದುಗರು ಮರೆತಿರಲಾರರು.

ಈಗ ಹಾಡುವ ಮಕ್ಕಳಿರುವ ಮನೆಗಳಲ್ಲಿ ಕೇಳಿಬರುವ ಹೊಸ ಬೇಡಿಕೆ ಟ್ಯೂಬ್ ಪ್ರಿಆಂಪ್‌ನದು. ಟ್ಯೂಬ್ ಎಂದರೆ ಬೇರೇನೂ ಅಲ್ಲ, ನಮ್ಮ ಹಿರಿಯರು ವಾಲ್ವ್ ಎಂದು ಕರೆಯುತ್ತಿದ್ದ ಗಾಜಿನ ಕೊಳವೆ. ಗುಂಡಿ ತಿರುಗಿಸಿದ ಮೇಲೆ ತುಸು ಹೊತ್ತು ಕಾಯಿಸಿ, ಬಿಸಿಯೇರಿದ ಬಳಿಕ ತುಂಬುದನಿಯಲ್ಲಿ ಮಾತಾಡುತ್ತಿದ್ದ ಹಳೆಯ ರೇಡಿಯೋಗಳ ಜೀವ ಅದೇ ಆಗಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1960ರ ದಶಕದಲ್ಲಿ ಇಂಥ ವಾಲ್ವುಗಳನ್ನು ತಯಾರಿಸುತ್ತಿತ್ತು. ಟ್ರಾನ್ಸಿಸ್ಟರು ಬಂದು ಅವನ್ನು ಮೂಲೆಗೆ ತಳ್ಳಿದರೂ ಗಿಟಾರು ನುಡಿಸುವವರು, ಧ್ವನಿಮುದ್ರಕರು ಕೈಬಿಡಲಿಲ್ಲ.

ಪ್ರಿಆಂಪ್‌ನ ಕೆಲಸವೇನು ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಮೈಕಿನಿಂದ ಹೊರಡುವ ಸಂಕೇತ ತೀರಾ ದುರ್ಬಲ. ನಮ್ಮ ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಮೈಕು ಹದವಾದ ದನಿಗೆ ಕೊಡುವುದು ಒಂದೆರಡು ಮಿಲಿವೋಲ್ಟ್ ಮಾತ್ರ. ಅದನ್ನು ಮುದ್ರಣಕ್ಕೆ ತಕ್ಕ ಮಟ್ಟಕ್ಕೆ ಏರಿಸಲು 50ರಿಂದ 60 ಡೆಸಿಬೆಲ್ ವರ್ಧನೆ ಬೇಕು. 60 ಡೆಸಿಬೆಲ್ ಎಂದರೆ ವೋಲ್ಟೇಜಿನ ಲೆಕ್ಕದಲ್ಲಿ ಸಾವಿರ ಪಟ್ಟು. ಕಂಡೆನ್ಸರ್ ಮೈಕಿಗೆ ಅಷ್ಟು ವರ್ಧನೆ ಬೇಡ, ಆದರೆ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು ಬೇಕು. ಇವೆರಡನ್ನೂ ಒದಗಿಸುವುದೇ ಪ್ರಿಆಂಪ್. ಅದರೆ ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯೊಳಗೆ, ಉದಾಹರಣೆಗೆ ಬಹಳ ಮಂದಿ ಬಳಸುವ ಫೋಕಸ್‌ರೈಟ್ ಸ್ಕಾರ್ಲೆಟ್‌ನಲ್ಲಿ, ಪ್ರಿಆಂಪ್ ಈಗಾಗಲೇ ಇದೆ. ಅದು ಶುಭ್ರವಾಗಿಯೇ ಇದೆ. ಹಾಗಾಗಿ ವಾಲ್ವಿನ ಪೆಟ್ಟಿಗೆಯನ್ನು ಕೊಳ್ಳುವುದು ಕೊರತೆ ತುಂಬಲಿಕ್ಕಲ್ಲ, ದನಿಗೆ ಬಣ್ಣ ಸೇರಿಸಲಿಕ್ಕೆ.

ಈ ಬಣ್ಣ ಎಲ್ಲಿಂದ ಬರುತ್ತದೆ? ವಾಲ್ವಿನ ಮೇಲೆ ಹೊರೆ ಹೆಚ್ಚಿದಂತೆ ಮೂಲ ಸ್ವರದ ಜೊತೆಗೆ ಅದರ ಇಮ್ಮಡಿ, ಮುಮ್ಮಡಿ ಕಂಪನದ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಇಮ್ಮಡಿ ಕಂಪನವೆಂದರೆ ಮೇಲಿನ ಸ್ಥಾಯಿಯ ಅದೇ ಸ್ವರವಾದ್ದರಿಂದ ಕಿವಿಗೆ ಹಿತ. ತೆಳು ದನಿಗೆ ಮೈ ಬಂದಂತೆ ಕೇಳುತ್ತದೆ. ಶಾಸ್ತ್ರದ ಕಣ್ಣಿಗೆ ಮಾತ್ರ ಇದು ವಿಕೃತಿಯೇ. ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವುಗಳಲ್ಲಿರುವ 12ಎಎಕ್ಸ್7 ವಾಲ್ವು ಇನ್ನೂರು ವೋಲ್ಟಿನ ಆಸುಪಾಸಿನಲ್ಲೋ ಅದಕ್ಕೂ ಮಿಗಿಲಾಗಿಯೋ ದುಡಿಯಲೆಂದು ರೂಪಿಸಿದ್ದು. ಅಗ್ಗದ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಅದಕ್ಕೆ ಸಿಗುವುದು ಕೆಲವು ಹತ್ತು ವೋಲ್ಟು ಮಾತ್ರ. ಅರೆಹೊಟ್ಟೆಯ ಆಳಿನಂತೆ ಅದು ಬೇಗ ಬಳಲಿ ದನಿಯನ್ನು ಕದಡುತ್ತದೆ. ವರ್ಧನೆಯ ಭಾರವನ್ನು ನಿಜವಾಗಿ ಹೊರುವುದು ಪಕ್ಕದಲ್ಲಿರುವ ಚಿಪ್ಪು. ಕಿಂಡಿಯಲ್ಲಿ ಕಾಣುವ ಕಿತ್ತಳೆ ಬೆಳಕು ಕೂಡ ಕೆಲವು ಮಾದರಿಗಳಲ್ಲಿ ವಾಲ್ವಿನದ್ದಲ್ಲ, ಅದರ ಹಿಂದೆ ಇಟ್ಟ ಪುಟ್ಟ ದೀಪದ್ದು! ಪೂರ್ಣ ವೋಲ್ಟೇಜಿನಲ್ಲಿ ದುಡಿಯುವ ಹೆಸರಾಂತ ಪ್ರಿಆಂಪ್‌ಗಳಿಗೆ ಸಾವಿರಾರು ಡಾಲರ್ ಬೆಲೆ. ಅವು ನಮ್ಮ ಮನೆಗಳ ಮಾತಲ್ಲ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಏನನ್ನು ಮುದ್ರಿಸಲಿದ್ದೇವೆ ಎಂಬುದನ್ನು ನೋಡಿ ಇದನ್ನು ನಿರ್ಧರಿಸಬೇಕೆಂಬುದು ನಮ್ಮ ಅಭಿಪ್ರಾಯ. ರೋಸ್ ದಿನ ಹಿರಿಯ ಹೆಂಗಸೊಬ್ಬರು ಮುಂದಾಗಿ ಹಾಡಿ, ಉಳಿದವರು ದನಿಗೂಡಿಸುವ ವೊವಿಯೊಗಳನ್ನು ಪೂರ್ತಿಯಾಗಿ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಎಂಬತ್ತು ದಾಟಿದ ಅಜ್ಜಿಯನ್ನು ಕುಳ್ಳಿರಿಸಿ ಆ ಹಾಡುಗಳನ್ನು ಮುದ್ರಿಸುವಾಗ ಎರಡನೆಯ ಅವಕಾಶ ಸಿಗುತ್ತದೆಂಬ ಭರವಸೆಯಿಲ್ಲ. ವಾಲ್ವಿನ ಮೂಲಕ ಕದಡಿದ ದನಿ ಒಮ್ಮೆ ಮುದ್ರಿತವಾದರೆ ಅದನ್ನು ತಿಳಿಗೊಳಿಸುವ ಉಪಾಯವಿಲ್ಲ. ಶುಭ್ರವಾಗಿ ಮುದ್ರಿತವಾದ ದನಿಗಾದರೋ ಕಂಪ್ಯೂಟರಿನಲ್ಲಿ ವಾಲ್ವಿನ ಬಣ್ಣವನ್ನು ಯಾವಾಗ ಬೇಕಾದರೂ ಹಚ್ಚಬಹುದು. ಇಂಥ ಕೆಲಸಕ್ಕೆ ಇಂಟರ್‌ಫೇಸಿನೊಳಗಿನ ಪ್ರಿಆಂಪ್ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಮೈಕು, ಗಟ್ಟಿ ಸ್ಟ್ಯಾಂಡು ಕೊಳ್ಳಲಿ. ತಮ್ಮದೇ ಹಾಡುಗಳನ್ನು ಹತ್ತು ಬಾರಿ ಹಾಡಿ ಹದ ನೋಡುವ ತರುಣರ ವಿಷಯ ಬೇರೆ. ಅವರಿಗೆ ವಾಲ್ವು ಒಂದು ವಾದ್ಯವಿದ್ದಂತೆ, ಆಸೆಪಡುವುದರಲ್ಲಿ ತಪ್ಪಿಲ್ಲ.

ಕೊಳ್ಳುವವರು ಕೂಳೂರಿನ ಪರಿಸರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಊರನ್ನು ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಪಣಂಬೂರು ಬಂದರಿನ ಕಡೆಗೆ ಹೋಗುವ ಲಾರಿಗಳು ಫಲ್ಗುಣಿಯ ಸೇತುವೆ ದಾಟುವ ಗುಡುಗು ರಾತ್ರಿಯೂ ನಿಲ್ಲದು. ಕಿವಿಗೆ ಅದು ರೂಢಿಯಾಗಿಬಿಟ್ಟಿದೆ, ಮೈಕಿಗೆ ರೂಢಿಯಾಗುವುದಿಲ್ಲ. ಈ ಗುಡುಗಿನ ಬಹುಪಾಲು ನೂರು ಹರ್ಟ್ಸ್‌ಗಿಂತ ಕೆಳಗಿನದು. ಅದನ್ನು ತಡೆಯುವ ಲೋ ಕಟ್ ಗುಂಡಿ ಪ್ರಿಆಂಪ್‌ನಲ್ಲೋ ಮೈಕಿನಲ್ಲೋ ಇದ್ದರೆ ಅರ್ಧ ಸಂಕಟ ಪರಿಹಾರವಾದಂತೆ. 80 ಹರ್ಟ್ಸ್‌ನ ಕೆಳಗೆ ಕತ್ತರಿಸಿದರೆ ಗಂಡಸರ ದನಿಗೂ ಹೇಳಿಕೊಳ್ಳುವ ನಷ್ಟವಿಲ್ಲ, ಹೆಂಗಸರ, ಮಕ್ಕಳ ದನಿಗೆ ಏನೂ ಆಗದು. ಗುಮಟೆ ನುಡಿಸುವಾಗ ಮಾತ್ರ ಅದನ್ನು ತೆಗೆದಿಡಬೇಕು, ಇಲ್ಲವಾದರೆ ಅದರ ಹೊಟ್ಟೆಯ ದನಿಯೇ ಹೋದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಮೇಲೆ ಬೀಳುವ ಮಳೆಗೆ ಯಾವ ಗುಂಡಿಯೂ ಮದ್ದಲ್ಲ. ಮಳೆ ಬಿಡುವ ಹೊತ್ತನ್ನು ಕಾಯುವುದೊಂದೇ ದಾರಿ.

ಮಾರುಕಟ್ಟೆಯಲ್ಲಿ ಈ ವರ್ಗದ ಹಳೆಯ ಪರಿಚಿತ ಹೆಸರು ಎ.ಆರ್.ಟಿ. ಕಂಪೆನಿಯ ಟ್ಯೂಬ್ ಎಂಪಿ. 1990ರ ದಶಕದಲ್ಲಿ ಬಂದ ಈ ಪುಟ್ಟ ಪೆಟ್ಟಿಗೆಯಲ್ಲಿ ಒಳಬರುವ ಮಟ್ಟಕ್ಕೊಂದು, ಹೊರಹೋಗುವ ಮಟ್ಟಕ್ಕೊಂದು ತಿರುಗುಗುಂಡಿ ಇವೆ: ಮೊದಲನೆಯದನ್ನು ಏರಿಸಿ ಎರಡನೆಯದನ್ನು ಇಳಿಸಿದರೆ ಬಣ್ಣ ಹೆಚ್ಚು, ಅದಲುಬದಲು ಮಾಡಿದರೆ ಕಡಿಮೆ. ಈ ಎರಡು ಗುಂಡಿಗಳಿಲ್ಲದ ವಾಲ್ವ್ ಪ್ರಿಆಂಪ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಬೆರಿಂಜರ್‌ನ ಮಿಕ್100 ಇನ್ನೂ ಅಗ್ಗದ ವರ್ಗದ್ದು. ಪ್ರಿಸೋನಸ್‌ನ ಟ್ಯೂಬ್‌ಪ್ರಿಯಲ್ಲಿ 80 ಹರ್ಟ್ಸ್‌ನ ಲೋ ಕಟ್ ಇರುವುದರಿಂದ ಹೆದ್ದಾರಿಯ ಬದಿಯ ಮನೆಗೆ ನಾವು ಸೂಚಿಸುವುದು ಅದನ್ನೇ. ಮೈಕಿನಲ್ಲೇ ಆ ಸೌಲಭ್ಯವಿದ್ದರೆ ಟ್ಯೂಬ್ ಎಂಪಿ ಸಾಕು.

ಇಂಥ ವಸ್ತುಗಳನ್ನು ನಮ್ಮಲ್ಲಿ ಹಲವರು ಪರದೇಶದ ಬಂಧುಗಳಿಂದ ತರಿಸಿಕೊಳ್ಳುತ್ತಾರೆ. ಅಮೆರಿಕದಿಂದ ಬಂದ ಪೆಟ್ಟಿಗೆಯ ಅಡಾಪ್ಟರ್ ಸಾಮಾನ್ಯವಾಗಿ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುವುದು ಖಂಡಿತ. ದುಬೈ, ಕುವೈತ್‌ಗಳ ವೋಲ್ಟೇಜು ನಮ್ಮದಕ್ಕೆ ಹೊಂದುತ್ತದೆ, ಪಿನ್ನು ಮಾತ್ರ ಬೇರೆ. ಟ್ಯೂಬ್ ಎಂಪಿಯಂಥ ಪೆಟ್ಟಿಗೆಗಳಿಗೆ ಬೇಕಾದದ್ದು ಎಸಿ ಕೊಡುವ ಅಡಾಪ್ಟರ್. ಮನೆಯಲ್ಲಿ ಬಿದ್ದಿರುವ ಡಿಸಿ ಅಡಾಪ್ಟರ್ ಪಿನ್ನು ಹೊಂದಿದರೂ ಕೆಲಸಕ್ಕೆ ಬಾರದು. ಪೆಟ್ಟಿಗೆಯ ಬೆನ್ನ ಮೇಲೆ ಬರೆದಿರುವುದನ್ನು ಓದಿಯೇ ಜೋಡಿಸಬೇಕು. ಮುದ್ರಣದಲ್ಲಿ ಗುಂಯ್‌ಗುಡುವ ಸದ್ದು ಕೇಳಿದರೆ ಪ್ರಿಆಂಪನ್ನು ದೂರುವ ಮೊದಲು ಮನೆಯ ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸುವುದು ಲೇಸು.

ಜೋಡಿಸುವಾಗ ಪ್ರಿಆಂಪ್‌ನಿಂದ ಬರುವ ತಂತಿ ಇಂಟರ್‌ಫೇಸಿನ ಲೈನ್ ಕಿಂಡಿಗೆ ಹೋಗಬೇಕು. ಮೈಕಿನ ಕಿಂಡಿಗೆ ಹಾಕಿದರೆ ಎರಡು ಪ್ರಿಆಂಪ್‌ಗಳು ಒಂದರ ಮೇಲೊಂದು ಕುಳಿತು ದನಿ ಒಡೆಯುತ್ತದೆ. ಹಾಡುವ ಕಾಲು ಗಂಟೆ ಮೊದಲೇ ವಾಲ್ವನ್ನು ಬಿಸಿಯೇರಲು ಬಿಡಬೇಕು. ವರ್ಷಗಳು ಕಳೆದು ಚಟಪಟ ಸದ್ದು ಶುರುವಾದರೆ ವಾಲ್ವನ್ನು ಸುಲಭವಾಗಿ ಬದಲಿಸಬಹುದು. ಸಾಕೆಟ್ಟಿಗೆ ಚುಚ್ಚಿ ಕೂರಿಸುವಂಥದ್ದು ಅದು, ಬೆಸುಗೆ ಬೇಕಾಗದು. ಕಂಡೆನ್ಸರ್ ಮೈಕನ್ನು ಮಾತ್ರ ನಮ್ಮ ಕರಾವಳಿಯ ತೇವದಲ್ಲಿ ಸ್ಟ್ಯಾಂಡಿನ ಮೇಲೆಯೇ ಬಿಡದೆ, ಸಿಲಿಕಾ ಜೆಲ್ ಪೊಟ್ಟಣವಿಟ್ಟ ಮುಚ್ಚಿದ ಡಬ್ಬಿಯಲ್ಲಿ ಇರಿಸಬೇಕು.